ಕೊಂಡುತಂದ ಕುದುರೆ ಗಬ್ಬ ಅಂತ ಆಮೇಲೆ ಗೊತ್ತಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಲೂಜ್, ಸಾರಂಗಖೇಡಾ, ಪುಷ್ಕರದ ಸಂತೆಗಳಿಂದ ಲಾರಿಯಲ್ಲಿ ಬಂದ ಮಾರ್ವಾಡಿ, ಕಾಠಿಯಾವಾಡಿ ಹೆಣ್ಣುಕುದುರೆಗಳು, ರೇಸ್ ಬಿಟ್ಟು ಎರಡು ಮೂರು ಕೈ ಬದಲಾದ ಥರೋಬ್ರೆಡ್‌ಗಳು ಹೆಸರಘಟ್ಟ, ದೇವನಹಳ್ಳಿ, ಕನಕಪುರ ರಸ್ತೆಯ ತೋಟಗಳನ್ನು ಸೇರುತ್ತವೆ. ಕೆಲವು ತಿಂಗಳು ಕಳೆದ ಮೇಲೆ ಹೊಟ್ಟೆ ಕಾಣಿಸುತ್ತದೆ. ಆಗ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

## ಮೊದಲ ಅನುಮಾನ

ಹೊಟ್ಟೆ ಜೋತುಬಿದ್ದಿದೆ, ಮೈ ಮಾತ್ರ ತುಂಬಿಲ್ಲ. ಇದು ಹುಲ್ಲಿನ ಹೊಟ್ಟೆಯೋ, ಗಬ್ಬವೋ?

ನೋಡಿ ಹೇಳಲು ಬರುವುದಿಲ್ಲ. ರಾಗಿ ಹುಲ್ಲನ್ನೇ ತಿಂದು ಬೆಳೆದ ಕುದುರೆಗೂ, ಜಂತು ತುಂಬಿದ ಕುದುರೆಗೂ ಇದೇ ಆಕಾರದ ಹೊಟ್ಟೆ ಬರುತ್ತದೆ. ಚೊಚ್ಚಲು ಗಬ್ಬದ ಕುದುರೆಗೆ ಒಂಬತ್ತು ತಿಂಗಳಾದರೂ ಹೊಟ್ಟೆ ಅಷ್ಟಾಗಿ ಕಾಣದೇ ಇರಬಹುದು. ಬೆದೆಗೆ ಬರುತ್ತಿಲ್ಲ ಎಂಬುದೊಂದೇ ಸಾಕ್ಷಿಯಾಗದು, ಹಾಗೆಯೇ ಬೆದೆಯ ಲಕ್ಷಣ ತೋರಿದರೆ ಗಬ್ಬ ಇಲ್ಲ ಎಂದೂ ಅಲ್ಲ. ಗಬ್ಬದ ಕುದುರೆಗಳೂ ಕೆಲವೊಮ್ಮೆ ಬಾಲ ಎತ್ತಿ ನಿಲ್ಲುತ್ತವೆ. ಬೆಳಿಗ್ಗೆ ತಣ್ಣೀರು ಕುಡಿದಾಗ ಪಕ್ಕೆಯ ಕೆಳಗೆ ಒಳಗಿನಿಂದ ಒದ್ದಂತೆ ಕಂಡರೆ ಗಬ್ಬ ಬಹುತೇಕ ಖಾತ್ರಿ. ಒದೆ ಕಾಣಲಿಲ್ಲವೆಂದರೆ ಏನೂ ಖಾತ್ರಿಯಾಗಲಿಲ್ಲ.

ಯಾವ ಟೆಸ್ಟ್ ಮಾಡಿಸಬೇಕು? ಬೆಂಗಳೂರಲ್ಲಿ ಯಾರನ್ನ ಕೇಳೋದು?

ಸ್ಕ್ಯಾನ್ ಮಾಡಿಸಿ. ಗಬ್ಬ ಕಟ್ಟಿ 14ರಿಂದ 16 ದಿನಕ್ಕೇ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ತಿಂಗಳು ದಾಟಿದ ಗಬ್ಬವನ್ನು ಅನುಭವಸ್ಥ ವೈದ್ಯರು ಗುದದ್ವಾರದಿಂದ ಕೈ ಹಾಕಿಯೂ ಹೇಳುತ್ತಾರೆ. ಆದರೆ ಕುದುರೆಯ ಗುದನಾಳ ಹಸುವಿನದಕ್ಕಿಂತ ಸುಲಭವಾಗಿ ಹರಿಯುತ್ತದೆ, ಹರಿದರೆ ಕುದುರೆ ಉಳಿಯುವುದು ಕಷ್ಟ. ಹಾಗಾಗಿ ದಿನವೂ ಹಸು ನೋಡುವವರಿಗಿಂತ ಕುದುರೆ ನೋಡಿ ಕೈ ಪಳಗಿದವರೇ ಬೇಕು. ರೇಸ್ ಕೋರ್ಸ್ ಮತ್ತು ರೈಡಿಂಗ್ ಶಾಲೆಗಳಿಗೆ ಹೋಗುವ ಖಾಸಗಿ ವೈದ್ಯರು ಊರಲ್ಲಿ ಇದ್ದಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ರಾತ್ರಿ ಎರಡು ಗಂಟೆಗೆ ಕರೆದರೆ ಬರುವವರು ಯಾರು ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ.

ಗಬ್ಬ ಕಟ್ಟಿದ ತಾರೀಕೇ ಗೊತ್ತಿಲ್ಲ. ಯಾವಾಗ ಮರಿ ಹಾಕುತ್ತೆ ಅಂತ ಲೆಕ್ಕ ಹಾಕೋದು ಹೇಗೆ?

ತಾರೀಕು ಗೊತ್ತಿದ್ದರೂ ಲೆಕ್ಕ ಅಷ್ಟಕ್ಕಷ್ಟೇ. ಕುದುರೆಯ ಗಬ್ಬ ಸರಾಸರಿ 340 ದಿನ, ಆದರೆ 320ರಿಂದ 365 ದಿನದವರೆಗೆ ಯಾವಾಗ ಹಾಕಿದರೂ ಸಹಜವೇ. 320 ದಿನಕ್ಕೆ ಮೊದಲು ಹುಟ್ಟಿದ್ದು ದಿನ ತುಂಬದ ಮರಿ. 300ಕ್ಕಿಂತ ಮೊದಲಾದರೆ ಉಳಿಯುವ ಆಸೆ ಬಹಳ ಕಮ್ಮಿ.

ಗಬ್ಬದ ಅಂದಾಜು ವಯಸ್ಸನ್ನು ವೈದ್ಯರು ಸ್ಕ್ಯಾನ್‌ನಲ್ಲಿ ಮರಿಯ ಕಣ್ಣುಗುಡ್ಡೆ ಅಳೆದು ಹೇಳಬಲ್ಲರು. ಅದೂ ವಾರಗಟ್ಟಲೆ ಹಿಂದೆಮುಂದೆ ಆಗುವ ಅಂದಾಜೇ. ಇನ್ನೊಂದು ದಾರಿ ಸರಳವಾದದ್ದು: ಕುದುರೆ ನಿಮ್ಮಲ್ಲಿಗೆ ಬಂದ ದಿನದಿಂದ ಗಂಡು ಕುದುರೆಯ ಜೊತೆ ಸೇರಿಲ್ಲ ಎಂದಾದರೆ, ಆ ದಿನದಿಂದ 365 ದಿನ ಎಣಿಸಿ. ಅಷ್ಟರೊಳಗೆ ಆಗಲೇಬೇಕು, ಅಪರೂಪಕ್ಕೆ ಒಂದೆರಡು ವಾರ ಮೀರಬಹುದು. ಇಷ್ಟಾದ ಮೇಲೆ ಕ್ಯಾಲೆಂಡರ್ ಮಡಚಿಟ್ಟು ಕೆಚ್ಚಲು ನೋಡಿ. ತಾರೀಕು ತಿಳಿಯದ ಗಬ್ಬದಲ್ಲಿ ನಂಬಬಹುದಾದ್ದು ಅದೊಂದನ್ನೇ.

ಮಾರಿದವರು ಗಬ್ಬ ಅಂತ ಹೇಳಲೇ ಇಲ್ಲ. ಅವರನ್ನ ಏನು ಕೇಳಬೇಕು?

ಜಗಳ ಆಮೇಲೆ ಆಡಿ, ಮೊದಲು ಮಾಹಿತಿ ತಗೊಳ್ಳಿ. ಜಗಳ ಶುರುವಾದ ಮೇಲೆ ಅದು ಸಿಗುವುದಿಲ್ಲ. ಗಂಡು ಯಾವುದು (ಕತ್ತೆಯೂ ಆಗಿರಬಹುದು), ಕೊನೆಗೆ ಯಾವಾಗ ಜೊತೆಯಲ್ಲಿತ್ತು, ಈ ಕುದುರೆ ಹಿಂದೆ ಎಷ್ಟು ಮರಿ ಹಾಕಿದೆ, ಯಾವುದಾದರೂ ಮರಿ ಹುಟ್ಟಿದ ವಾರದೊಳಗೆ ಸತ್ತಿದೆಯೇ, ಕಸ (ಮಾಸುಚೀಲ) ಬೀಳುವುದು ತಡವಾಗಿತ್ತೇ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟಿದ್ದು ಯಾವಾಗ. ಇಷ್ಟೇ. ಇಷ್ಟಕ್ಕೆ ಉತ್ತರ ಸಿಕ್ಕರೆ ಮುಂದಿನ ಅರ್ಧ ಭಯ ಕಮ್ಮಿ.

ನಮಗೆ ಮರಿ ಬೇಡ. ಈಗ ತೆಗೆಸಿಬಿಡಬಹುದಾ?

ಮೊದಲ ಐದು ವಾರದೊಳಗೆ ಗೊತ್ತಾದರೆ ಒಂದು ಇಂಜೆಕ್ಷನ್‌ನಲ್ಲಿ ಮುಗಿಯುತ್ತದೆ. ಹೊಟ್ಟೆ ಕಂಡಮೇಲೆ ಕೇಳುತ್ತಿದ್ದೀರಿ ಅಂದರೆ ಆ ಕಾಲ ಮುಗಿದಿದೆ. ಗಬ್ಬ ಬಲಿತ ಮೇಲೆ ತೆಗೆಸಲು ಹೋದರೆ ಮರಿ ಅಡ್ಡ ಸಿಕ್ಕಿಕೊಳ್ಳುವುದು, ಕಸ ಉಳಿಯುವುದು, ಸೋಂಕು ಹತ್ತುವುದು ಇವೆಲ್ಲ ಬೆನ್ನಿಗೇ ಬರುತ್ತವೆ. ನಮ್ಮ ಅಭಿಪ್ರಾಯ ಸ್ಪಷ್ಟ: ಮರಿ ಹಾಕಲು ಬಿಡಿ, ಬೇಡವಾದರೆ ಹಾಲು ಬಿಡಿಸಿದ ಮೇಲೆ ಒಳ್ಳೆಯ ಜಾಗ ನೋಡಿ ಕೊಡಿ.

ಗೊತ್ತಿಲ್ಲದೆ ಸವಾರಿ ಮಾಡಿದ್ದೀವಿ. ಮರಿಗೆ ಏನಾದರೂ ಆಗಿರುತ್ತಾ?

ಇಲ್ಲ. ಎಂಟನೇ ತಿಂಗಳವರೆಗೆ ಹಗುರ ಸವಾರಿಯಿಂದ ತೊಂದರೆಯಿಲ್ಲ. ಕೊನೆಯ ಮೂರು ತಿಂಗಳು ಜೀನು ಹಾಕಬೇಡಿ, ಆದರೆ ಕಟ್ಟಿಯೂ ಹಾಕಬೇಡಿ. ದಿನವೂ ಬಯಲಲ್ಲಿ ಓಡಾಡದ ಗಬ್ಬದ ಕುದುರೆಗೆ ಕಾಲು, ಹೊಟ್ಟೆಯಡಿ ಬಾವು ಬರುತ್ತದೆ.

## ಕಾಯುವ ತಿಂಗಳುಗಳು

ಏನು ತಿನ್ನಿಸಬೇಕು? ಮನೇಲಿ ಹಸುವಿನ ಫೀಡ್ ಇದೆ, ಅದನ್ನೇ ಹಾಕಬಹುದಾ?

ಹಸುವಿನ ಫೀಡ್ ಬೇಡ. ಕೆಲವು ದನದ ಮತ್ತು ಕೋಳಿ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಮದ್ದು ಬೆರೆತಿರುತ್ತದೆ. ದನ ಕೋಳಿಗೆ ಅದು ಸಲೀಸು, ಕುದುರೆಯ ಹೃದಯಕ್ಕೆ ವಿಷ. ಚೀಲದ ಮೇಲೆ ಬರೆದಿಲ್ಲ ಎಂದು ನಂಬಿ ಹಾಕುವ ವಸ್ತುವಲ್ಲ ಅದು.

ಮರಿಯ ತೂಕದ ಬಹುಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಅಲ್ಲಿಯವರೆಗೆ ಮಾಮೂಲಿ ಮೇವು ಸಾಕು, ಆಮೇಲೆ ನಿಧಾನವಾಗಿ ಏರಿಸಬೇಕು. ಮೊದಲು ತೂಕ ತಿಳಿಯಿರಿ: ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಎದೆಯ ಮುಂಭಾಗದಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 150 ಇದ್ದರೆ ಸುಮಾರು 323 ಕಿಲೋ. ತುಂಬು ಗಬ್ಬದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ, ಅಡ್ಡಿಯಿಲ್ಲ.

ದಿನಕ್ಕೆ ತೂಕದ ಶೇ. 2ರಷ್ಟು ಒಣ ಆಹಾರ ಎಂದು ಇಟ್ಟುಕೊಳ್ಳಿ. 350 ಕಿಲೋ ಕುದುರೆಗೆ 7 ಕಿಲೋ ಆಯಿತು. ಅದರಲ್ಲಿ 5 ಕಿಲೋ ಒಳ್ಳೆಯ ಒಣಹುಲ್ಲು, 2 ಕಿಲೋ ಕಾಳು: ಓಟ್ಸ್ ಅಥವಾ ಬಾರ್ಲಿ ಒಂದೂವರೆ, ಬೇಯಿಸಿದ ಹುರುಳಿ ಅರ್ಧ (ತೂಕ ಒಣ ಕಾಳಿನದು), ಎರಡು ಮೂರು ಹೊತ್ತಿಗೆ ಹಂಚಿ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಸಿಕ್ಕರೆ ಬಹಳ ಒಳ್ಳೆಯದು, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಎರಡೂ ಅದರಲ್ಲಿವೆ. ಹೊಸದಾಗಿ ಕೊಡುವಾಗ ಒಂದು ವಾರ ಹಿಡಿದು ಸ್ವಲ್ಪಸ್ವಲ್ಪ ಏರಿಸಿ. ಕುದುರೆಯ ಖನಿಜ ಮಿಶ್ರಣ, ಉಪ್ಪು, ಯಾವಾಗಲೂ ತುಂಬಿದ ನೀರಿನ ತೊಟ್ಟಿ.

ನಮ್ಮ ಕಡೆ ಆಗುವ ಎಡವಟ್ಟು ಕ್ಯಾಲ್ಸಿಯಂನದು. ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಗೋಧಿ ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹತ್ತು ಪಟ್ಟು. ತೋಟದಲ್ಲಿ ಬೆಳೆದ ನೇಪಿಯರ್ ಮತ್ತು ಅಂಗಡಿಯ ಬೂಸಾ ಇವೆರಡನ್ನೇ ಹಾಕಿ ಸಾಕಿದರೆ ಕುದುರೆ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ಮರಿಗೆ ಕೊಡುತ್ತದೆ: ಮುಖದ ಮೂಳೆ ಊದುತ್ತದೆ, ಕುಂಟು ಬರುತ್ತದೆ. 500 ಕಿಲೋ ಕುದುರೆಗೆ ಕೊನೆಯ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 36 ಗ್ರಾಂ ಕ್ಯಾಲ್ಸಿಯಂ ಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿದ ರಾಗಿ ಹುಲ್ಲು, ಭತ್ತದ ಹುಲ್ಲನ್ನು ಕೊಡವಿ ಹಾಕುವುದೂ ಬೇಡ, ಎಸೆಯಿರಿ.

ಇಂಜೆಕ್ಷನ್, ಜಂತಿನ ಔಷಧಿ ಕೊಡಬಹುದಾ? ಗಬ್ಬ ಹೋಗುತ್ತೆ ಅಂತ ಕುದುರೆ ನೋಡಿಕೊಳ್ಳೋ ಸೈಸ್ ಹೆದರಿಸ್ತಾನೆ.

ಧನುರ್ವಾಯುವಿನ ಟಿ.ಟಿ. ಅಂತೂ ಕೊಡಿಸಲೇಬೇಕು, ಮರಿ ಹಾಕುವ ನಾಲ್ಕರಿಂದ ಆರು ವಾರ ಮೊದಲು. ತಾಯಿಯ ರಕ್ಷಣೆ ಗಿಣ್ಣುಹಾಲಿನಲ್ಲಿ ಮರಿಗೆ ಇಳಿಯುವುದು ಹಾಗೆ. ತಾರೀಕು ಗೊತ್ತಿಲ್ಲದಿದ್ದರೆ ಕೆಚ್ಚಲು ದಪ್ಪಗಾಗುವುದನ್ನು ಕಾಯಬೇಡಿ, ಸ್ಕ್ಯಾನ್ ಅಂದಾಜಿನಲ್ಲಿ ಹತ್ತು ತಿಂಗಳಾಯಿತು ಅಂದ ಕೂಡಲೇ ಕೊಡಿಸಿ. ಹಿಂದೆ ಒಮ್ಮೆಯೂ ಆಗಿಲ್ಲದಿದ್ದರೆ ಒಂದು ಸಾಲದು, ನಾಲ್ಕು ವಾರದ ಅಂತರದಲ್ಲಿ ಎರಡು ಬೇಕು. ಹಾಗಾಗಿ ಇನ್ನೂ ಮೊದಲೇ ಶುರುಮಾಡಿ. ಗಬ್ಬ ಇಳಿಸುವ ಹರ್ಪಿಸ್ ವೈರಸ್ ವಿರುದ್ಧದ ಲಸಿಕೆಯನ್ನು 5, 7, 9ನೇ ತಿಂಗಳಲ್ಲಿ ಕೊಡುವ ರೂಢಿಯಿದೆ. ನಾಲ್ಕಾರು ಕುದುರೆ ಇರುವ ಕಡೆ ವೈದ್ಯರೊಂದಿಗೆ ಮಾತಾಡಿ.

ಜಂತಿಗೆ ಫೆನ್‌ಬೆಂಡಜೋಲ್, ಪೈರಾಂಟೆಲ್, ಕುದುರೆಗೆಂದೇ ಬರುವ ಐವರ್ಮೆಕ್ಟಿನ್ ಪೇಸ್ಟ್ ಗಬ್ಬದಲ್ಲೂ ಸುರಕ್ಷಿತ. ಮರಿ ಹಾಕಿದ ದಿನವೇ ತಾಯಿಗೆ ಐವರ್ಮೆಕ್ಟಿನ್ ಕೊಟ್ಟರೆ ಹಾಲಿನಿಂದ ಮರಿಗೆ ಹೋಗುವ ಒಂದು ಬಗೆಯ ಜಂತು ಕಮ್ಮಿಯಾಗುತ್ತದೆ. ದನಕ್ಕೆ ಚುಚ್ಚುವ ಐವರ್ಮೆಕ್ಟಿನ್ ಅನ್ನು ಕುದುರೆಗೆ ಚುಚ್ಚಬಾರದು. ಸೈಸ್ ಹೆದರುವುದರಲ್ಲಿ ಅರ್ಥವಿಲ್ಲದೇ ಇಲ್ಲ: ಹಸುವಿಗೆ ಬೆದೆ ಬರಿಸಲು ಕೊಡುವ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಗಬ್ಬ ಇಳಿಸಬಲ್ಲದು. ಯಾವ ವೈದ್ಯರು ಬಂದರೂ ಮೊದಲ ಮಾತು “ಇದು ಗಬ್ಬ” ಎಂದಿರಲಿ.

ಮರಿ ಹಾಕಿಸೋಕೆ ಸ್ನೇಹಿತರ ಫಾರಂಗೆ ಕಳಿಸಬೇಕು ಅಂತಿದ್ದೀವಿ. ಯಾವಾಗ ಕಳಿಸೋದು?

ಕಳಿಸುವುದಾದರೆ ಕನಿಷ್ಠ ನಾಲ್ಕೈದು ವಾರ ಮೊದಲು, ಇಲ್ಲದಿದ್ದರೆ ಬೇಡವೇ ಬೇಡ. ಪ್ರತಿ ಜಾಗದ ಮಣ್ಣಿನಲ್ಲಿ, ಲಾಯದಲ್ಲಿ ಅದರದೇ ರೋಗಾಣುಗಳಿರುತ್ತವೆ. ತಾಯಿ ಅಲ್ಲಿ ಒಂದು ತಿಂಗಳು ಉಸಿರಾಡಿ, ಮೇದು, ಅವಕ್ಕೆ ತಕ್ಕ ಪ್ರತಿಕಾಯಗಳನ್ನು ಗಿಣ್ಣುಹಾಲಿಗೆ ತುಂಬಿಕೊಂಡರೆ ಮಾತ್ರ ಮರಿಗೆ ರಕ್ಷಣೆ. ರಾಜಸ್ಥಾನದಿಂದ ಬಂದು ಹತ್ತೇ ದಿನಕ್ಕೆ ಮರಿ ಹಾಕಿದ ಕುದುರೆಯ ಹಾಲಿನಲ್ಲಿ ಬೆಂಗಳೂರಿನ ರೋಗಕ್ಕೆ ಉತ್ತರ ಇರುವುದಿಲ್ಲ. ಹೊಸ ಕುದುರೆಯನ್ನು ಮೂರು ವಾರ ಬೇರೆ ಕಟ್ಟಿ, ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಹರಡುವ, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ.

ನಮ್ಮದು ಹಳೇ ರೇಸ್ ಕುದುರೆ. ಹಿಂದೆ ಹೊಲಿಗೆ ಇದೆ ಅಂತಾರೆ, ಏನದು?

ಇದನ್ನು ಇವತ್ತೇ ನೋಡಿಸಿ. ಥರೋಬ್ರೆಡ್ ಹೆಣ್ಣುಕುದುರೆಗಳಿಗೆ ಗಾಳಿ, ಸಗಣಿ ಒಳಹೋಗದಂತೆ ಯೋನಿಯ ತುಟಿಗಳ ಮೇಲಿನ ಭಾಗವನ್ನು ಹೊಲಿದಿರುತ್ತಾರೆ. ಕ್ಯಾಸ್ಲಿಕ್ ಹೊಲಿಗೆ ಎನ್ನುತ್ತಾರೆ. ದಾರ ಬಿದ್ದುಹೋಗಿ ಚರ್ಮ ಕೂಡಿಕೊಂಡಿರುವುದರಿಂದ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ, ಬಾಯಿ ಚಿಕ್ಕದಾಗಿ ಕಾಣುತ್ತದೆ ಅಷ್ಟೇ. ಎರಡರಿಂದ ನಾಲ್ಕು ವಾರ ಮೊದಲು ವೈದ್ಯರು ಅದನ್ನು ಬಿಡಿಸಬೇಕು. ಬಿಡಿಸದಿದ್ದರೆ ಮರಿ ಬರುವಾಗ ಅಡ್ಡಾದಿಡ್ಡಿ ಹರಿಯುತ್ತದೆ.

ಇನ್ನೂ ಎರಡು ತಿಂಗಳು ಇದೆ ಅಂದಿದ್ರು, ಈಗಲೇ ಹಾಲು ಸೋರ್ತಿದೆ. ಒಳ್ಳೇದೇ ಅಲ್ವಾ?

ಒಳ್ಳೆಯದಲ್ಲ. ಕಸಕ್ಕೆ ಸೋಂಕು ತಗುಲಿದ್ದರೆ ಅಥವಾ ಹೊಟ್ಟೆಯಲ್ಲಿ ಅವಳಿ ಇದ್ದರೆ ಕೆಚ್ಚಲು ಹೀಗೆ ಅವಧಿಗೆ ಮುನ್ನ ತುಂಬುತ್ತದೆ. ಕುದುರೆಗೆ ಅವಳಿ ಶುಭವಲ್ಲ, ಎರಡೂ ಉಳಿಯುವುದು ಅಪರೂಪ. ಬಾಲದ ಒಳಬದಿಯಲ್ಲಿ ಕೀವಿನ ಕಲೆ ಇದೆಯೇ ನೋಡಿ, ಅದೇ ದಿನ ಸ್ಕ್ಯಾನ್ ಮಾಡಿಸಿ. ಗರ್ಭಕೋಶ ಮತ್ತು ಕಸದ ದಪ್ಪ ಅಳೆದು ಸೋಂಕು ಹೇಳುತ್ತಾರೆ. ಬೇಗ ಔಷಧಿ ಶುರುವಾದರೆ ಮರಿ ಉಳಿಯುವುದುಂಟು. ಲೆಕ್ಕವೇ ತಪ್ಪಿ ದಿನ ತುಂಬಿರಬಹುದು ಎಂಬ ಸಾಧ್ಯತೆಯೂ ಇದೆ, ಅದನ್ನೂ ಸ್ಕ್ಯಾನೇ ತೀರ್ಮಾನಿಸಬೇಕು. ಗಬ್ಬ ಇಳಿದೇ ಹೋದರೆ ಮರಿ ಮತ್ತು ಕಸವನ್ನು ಕೈಗವಸು ಹಾಕಿ ಎತ್ತಿಟ್ಟು ವೈದ್ಯರ ಮೂಲಕ ಪ್ರಯೋಗಾಲಯಕ್ಕೆ ಕಳಿಸಿ. ಬಸುರಿ ಹೆಂಗಸರು, ಮಕ್ಕಳು ಹತ್ತಿರ ಹೋಗಬಾರದು.

## ದಿನ ಹತ್ತಿರ ಬಂದಾಗ

ಎಂಥ ಜಾಗದಲ್ಲಿ ಮರಿ ಹಾಕಿಸಬೇಕು?

14 ಅಡಿಗೆ 14 ಅಡಿಯಾದರೂ ಇರುವ ಬಿಡುವಾದ ಲಾಯ. ಮಾಮೂಲಿ 12 ಅಡಿಯದು ದೊಡ್ಡ ಥರೋಬ್ರೆಡ್‌ಗೆ ಇಕ್ಕಟ್ಟು, ಗೋಡೆಗೆ ಒತ್ತಿ ಮಲಗಿದರೆ ಮರಿ ಹೊರಬರಲು ಜಾಗವಿರದು. ನೆಲಕ್ಕೆ ಒಣ ಭತ್ತದ ಹುಲ್ಲು, ಮೊಣಕಾಲುದ್ದ. ಮರದ ಪುಡಿ ಬೇಡ, ಒದ್ದೆ ಮರಿಯ ಮೂಗಿಗೂ ಹೊಕ್ಕುಳಿಗೂ ಅಂಟುತ್ತದೆ. ಬಯಲಲ್ಲಿ ಹಾಕಿಸುವುದು ಕುದುರೆಗೆ ಇಷ್ಟವೇ, ಆದರೆ ಬೆಂಗಳೂರಿನ ಸುತ್ತ ಬೀದಿನಾಯಿ ಕಾಟ ಇದೆ: ನೀರೊಡೆದ ವಾಸನೆಗೆ ಗುಂಪು ಕಟ್ಟಿ ಬರುತ್ತವೆ. ಬೇಲಿಯ ಕೆಳಗಿನ ಸಂದನ್ನೂ ಜಾಲರಿಯಿಂದ ಮುಚ್ಚಿ. ಬೆಳಗಾದರೆ ಕಾಗೆ, ಹದ್ದು.

ಇವತ್ತು ಹಾಕುತ್ತೆ, ನಾಳೆ ಹಾಕುತ್ತೆ ಅಂತ ಹೇಗೆ ಗುರುತಿಸೋದು?

ಕೆಚ್ಚಲು ಎರಡರಿಂದ ಆರು ವಾರ ಮೊದಲು ದಪ್ಪಗಾಗಲು ಶುರು. ಆರಂಭದಲ್ಲಿ ರಾತ್ರಿ ತುಂಬಿ, ಹಗಲು ಓಡಾಡಿದ ಮೇಲೆ ಇಳಿಯುತ್ತದೆ. ಓಡಾಡಿದರೂ ಇಳಿಯಲಿಲ್ಲ ಎಂದ ದಿನದಿಂದ ಗಮನ ಹೆಚ್ಚಿಸಿ. ಬಾಲದ ಬುಡದ ಎರಡೂ ಬದಿಯ ಸ್ನಾಯು ಮೊದಲು ಗಟ್ಟಿಯಾಗಿದ್ದದ್ದು ಅಲುಗಾಡಿಸಿದರೆ ಜೆಲ್ಲಿಯಂತೆ ಕುಲುಕುತ್ತದೆ. ನಾಲ್ಕಾರು ದಿನ ಮೊದಲು ಮೊಲೆತೊಟ್ಟುಗಳೂ ತುಂಬಿ ಬಿಗಿಯುತ್ತವೆ. ಯೋನಿಯ ತುಟಿ ಉದ್ದವಾಗಿ ಸಡಿಲವಾಗುತ್ತದೆ. ಕೊನೆಗೆ ತೊಟ್ಟಿನ ತುದಿಯಲ್ಲಿ ಹಳದಿ ಮೇಣದಂಥ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಅದು ಕಂಡಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನ.

ಚೊಚ್ಚಲಿನವು ಇದ್ಯಾವುದನ್ನೂ ಪಾಲಿಸದೆ ಸಂಜೆ ಸಪ್ಪೆ ಕೆಚ್ಚಲಿದ್ದು ಬೆಳಿಗ್ಗೆ ಮರಿ ಪಕ್ಕದಲ್ಲಿ ನಿಲ್ಲಿಸಿಕೊಂಡಿರಬಹುದು. ಬಹುಪಾಲು ಕುದುರೆಗಳು ರಾತ್ರಿ ಸದ್ದಡಗಿದ ಮೇಲೆಯೇ ಹಾಕುತ್ತವೆ. ಪದೇ ಪದೇ ಟಾರ್ಚ್ ಹಿಡಿದು ಹೋದರೆ ತಡೆದುಕೊಂಡು ಮುಂದೂಡುತ್ತವೆ. ಒಂದು ಸಾಧಾರಣ ವೈಫೈ ಕ್ಯಾಮೆರಾ ಲಾಯದ ಮೂಲೆಯಲ್ಲಿ ಕಟ್ಟಿ, ಫೋನಿನಲ್ಲಿ ನೋಡಿ.

ಹಾಲನ್ನ ಪಟ್ಟಿಯಲ್ಲಿ ಟೆಸ್ಟ್ ಮಾಡಿ ಹೇಳಬಹುದಂತೆ, ನಿಜಾನಾ?

ನಿಜ, ತಾರೀಕು ಗೊತ್ತಿಲ್ಲದವರಿಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. 6ರಿಂದ 7.6ರವರೆಗೆ ಸಣ್ಣ ಸಣ್ಣ ಮೆಟ್ಟಿಲಲ್ಲಿ ತೋರಿಸುವ ಪಿಎಚ್ ಕಾಗದ ತನ್ನಿ. 1ರಿಂದ 14ರವರೆಗಿನ ಶಾಲೆಯ ಕಾಗದ ಪ್ರಯೋಜನವಿಲ್ಲ. ದಿನಾ ಸಂಜೆ ಒಂದೇ ಹೊತ್ತಿಗೆ ಕೈ ತೊಳೆದು ನಾಲ್ಕೈದು ಹನಿ ಮಾತ್ರ ಹಿಂಡಿ. 7ರ ಮೇಲಿದ್ದರೆ ಆ ರಾತ್ರಿ ಹಾಕುವ ಸಂಭವ ತೀರಾ ಕಮ್ಮಿ, ಮಲಗಿ. 6.4 ಅಥವಾ ಕೆಳಗೆ ಇಳಿದರೆ ಕಾಯಿರಿ, ಒಂದೆರಡು ದಿನದೊಳಗೆ ಆಗುತ್ತದೆ. ಹಾಲಿನ ಕ್ಯಾಲ್ಸಿಯಂ 200 ಪಿಪಿಎಂ ದಾಟುವುದೂ ಇದೇ ಹೊತ್ತಿಗೆ. ಕಸದ ಸೋಂಕಿದ್ದರೆ ಕ್ಯಾಲ್ಸಿಯಂ ಮೊದಲೇ ಏರಿ ದಾರಿ ತಪ್ಪಿಸುತ್ತದೆ.

ಕೈಗೆ ಸಿಗುವಂತೆ ಏನೇನು ಇಟ್ಟುಕೊಳ್ಳಬೇಕು?

ಗಡಿಯಾರ, ಟಾರ್ಚ್, ಮೊನೆ ಮೊಂಡಾದ ಕತ್ತರಿ, ಒಣ ಟವೆಲ್ ಐದಾರು, ಉದ್ದ ಕೈಗವಸು, ಜಾರಿಕೆಗೆ ಜೆಲ್, ಬಾಲಕ್ಕೆ ಸುತ್ತಲು ಬ್ಯಾಂಡೇಜ್, ಹೊಕ್ಕುಳಿಗೆ ಔಷಧಿ ಮತ್ತು ಅದ್ದಲು ಸಣ್ಣ ಲೋಟ, ಥರ್ಮಾಮೀಟರ್, ಕಸ ಎತ್ತಿಡಲು ಬಕೆಟ್. ವೈದ್ಯರ ನಂಬರ್ ಗೋಡೆಯ ಮೇಲೆ ದೊಡ್ಡದಾಗಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸೆಯ 1962 ಕೂಡ ಬರೆದಿರಲಿ, ಆದರೆ ಅದನ್ನೊಂದೇ ನೆಚ್ಚಿಕೊಳ್ಳಬೇಡಿ.

## ಮರಿ ಹಾಕುವ ಹೊತ್ತು

ಎಲ್ಲ ಸರಿಯಾಗಿ ಆಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ? ನಾವು ಯಾವಾಗ ಕೈ ಹಾಕಬೇಕು?

ಮೊದಲ ಹಂತ ಹೊಟ್ಟೆನೋವಿನಂತೆ ಕಾಣುತ್ತದೆ: ಸುತ್ತುವುದು, ಕಾಲಲ್ಲಿ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಮೊಣಕೈ ಹಿಂದೆ ಬೆವರು, ಸ್ವಲ್ಪಸ್ವಲ್ಪ ಲದ್ದಿ. ಅರ್ಧ ಗಂಟೆಯಿಂದ ನಾಲ್ಕು ಗಂಟೆ ನಡೆಯಬಹುದು. ಬಾಲಕ್ಕೆ ಬ್ಯಾಂಡೇಜ್ ಸುತ್ತಿ, ಹೊರಬನ್ನಿ.

ನೀರೊಡೆದದ್ದು ಬಕೆಟ್ ಮಗುಚಿದಂತೆ ಬರುತ್ತದೆ. ಆಗ ಗಡಿಯಾರ ನೋಡಿ. ಐದು ನಿಮಿಷದೊಳಗೆ ಬಿಳಿ ಹೊಳಪಿನ ಪೊರೆ ಕಾಣಬೇಕು, ಅದರೊಳಗೆ ಒಂದು ಗೊರಸು, ಸ್ವಲ್ಪ ಹಿಂದೆ ಇನ್ನೊಂದು, ಎರಡರ ಅಡಿಭಾಗವೂ ನೆಲದ ಕಡೆಗೆ, ಮೊಣಕಾಲ ಮೇಲೆ ಮೂಗು. ಇಷ್ಟು ಕಂಡರೆ ಕೈ ಕಟ್ಟಿ ನಿಲ್ಲಿ. ಇಡೀ ಕೆಲಸ 15ರಿಂದ 30 ನಿಮಿಷದಲ್ಲಿ ಮುಗಿಯಬೇಕು. ಹಸುವಿನಂತೆ ಗಂಟೆಗಟ್ಟಲೆ ಕಾಯುವಂತಿಲ್ಲ. ಹತ್ತು ನಿಮಿಷ ಮುಕ್ಕಿದರೂ ಏನೂ ಮುಂದುವರಿಯದಿದ್ದರೆ ಫೋನ್ ಮಾಡಿ, ಇಪ್ಪತ್ತಾಗುವುದನ್ನು ಕಾಯಬೇಡಿ. ಸಂಚಾರ ಖಾಲಿಯಿರುವ ಅಪರಾತ್ರಿಯಲ್ಲೂ ಯಲಹಂಕದಿಂದ ಕನಕಪುರ ರಸ್ತೆಗೆ ಬರಲು ಒಂದು ಗಂಟೆ ಬೇಕು.

ಬಿಳಿ ಬದಲು ಕೆಂಪು ಚೀಲ ಬಂದರೆ?

ಫೋನ್ ಮಾಡುವುದಕ್ಕೂ ಮೊದಲು ಕತ್ತರಿ ತಗೊಳ್ಳಿ. ಕೆಂಪು ಮಖಮಲ್ಲಿನಂತೆ ಕಾಣುವುದು ಕಸವೇ. ಮರಿಗೆ ಮೊದಲೇ ಅದು ಗರ್ಭಕೋಶದಿಂದ ಬಿಟ್ಟುಬಂದಿದೆ, ಒಳಗೆ ಮರಿಗೆ ಪ್ರಾಣವಾಯು ನಿಂತಿದೆ. ಕತ್ತರಿಸಿ, ಒಳಗಿನ ಬಿಳಿ ಪೊರೆಯನ್ನೂ ಹರಿದು, ಕಾಲುಗಳನ್ನು ಗೊರಸಿನ ಕೀಲಿನ ಮೇಲೆ ಹಿಡಿದು, ತಾಯಿ ಮುಕ್ಕಿದಾಗ ಮಾತ್ರ ಅದರ ಹಿಂಗಾಲ ಕಡೆಗೆ ಕೆಳಮುಖವಾಗಿ ಎಳೆಯಿರಿ.

ಒಂದೇ ಕಾಲು ಕಾಣ್ತಿದೆ, ಇಲ್ಲವೇ ಗೊರಸು ಮೇಲ್ಮುಖ ಇದೆ. ವೈದ್ಯರು ದೂರದಲ್ಲಿದ್ದಾರೆ.

ಎಳೆಯಬೇಡಿ. ತಾಯಿಯನ್ನು ಎಬ್ಬಿಸಿ ನಡೆಸುತ್ತಿರಿ. ನಿಂತು ನಡೆದರೆ ಮುಕ್ಕುವುದು ತಗ್ಗುತ್ತದೆ, ಮರಿ ಸ್ವಲ್ಪ ಹಿಂದೆ ಸರಿಯುತ್ತದೆ, ವೈದ್ಯರಿಗೆ ಸರಿಪಡಿಸಲು ಜಾಗ ಸಿಗುತ್ತದೆ.

ಮರಿ ಉಸಿರಾಡ್ತಾ ಇಲ್ಲ ಅನ್ಸಿದರೆ?

ಮುಖದ ಮೇಲಿನ ಪೊರೆ ತೆಗೆದು, ಮೂಗು ಒರೆಸಿ, ಟವೆಲ್ಲಿನಿಂದ ಬೆನ್ನು ಪಕ್ಕೆ ಜೋರಾಗಿ ಉಜ್ಜಿ. ಹುಲ್ಲುಕಡ್ಡಿಯನ್ನು ಹೊಳ್ಳೆಯೊಳಗೆ ಆಡಿಸಿ. ಅರ್ಧ ನಿಮಿಷದಲ್ಲಿ ಉಸಿರು ಬರದಿದ್ದರೆ ಕುತ್ತಿಗೆ ನೀಟಾಗಿ ಚಾಚಿ, ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಊದಿ, ನಿಮಿಷಕ್ಕೆ ಸುಮಾರು ಹತ್ತು ಬಾರಿ, ಎದೆ ಏಳುವುದನ್ನು ನೋಡುತ್ತಾ. ಹಿಂಗಾಲು ಹಿಡಿದು ತಲೆಕೆಳಗೆ ತೂಗುವುದು ಬೇಡ.

ಹೊಕ್ಕುಳ ಬಳ್ಳಿ ಕತ್ತರಿಸೋದು ಯಾವಾಗ?

ಕತ್ತರಿಸಲೇಬೇಡಿ. ಮರಿಯ ಹಿಂಗಾಲು ಇನ್ನೂ ಒಳಗಿರುವಾಗ ತಾಯಿ ಹತ್ತಿಪ್ಪತ್ತು ನಿಮಿಷ ಸುಮ್ಮನೆ ಮಲಗುತ್ತದೆ, ಎಬ್ಬಿಸಬೇಡಿ. ಎದ್ದಾಗ ಅಥವಾ ಮರಿ ಒದ್ದಾಡಿದಾಗ ಬಳ್ಳಿ ತಾನೇ ಹರಿಯುತ್ತದೆ, ಹರಿಯಬೇಕಾದ ಜಾಗದಲ್ಲೇ. ಆಮೇಲೆ ತುಂಡನ್ನು ಶೇ. 0.5ರ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಅದ್ದಿ: ಶೇ. 2ರದು ಸಿಕ್ಕರೆ ಒಂದು ಭಾಗಕ್ಕೆ ಮೂರು ಭಾಗ ಕುದಿಸಿ ಆರಿಸಿದ ನೀರು. ದಿನಕ್ಕೆ ಮೂರು ನಾಲ್ಕು ಬಾರಿ, ಎರಡು ಮೂರು ದಿನ. ಗಾಢ ಅಯೋಡಿನ್ ಟಿಂಕ್ಚರ್ ಚರ್ಮ ಸುಡುತ್ತದೆ. ಅರಿಸಿನ, ಬೂದಿ, ಸಗಣಿ ಯಾವುದೂ ಬೇಡ.

ಕಸ ಬಿದ್ದಿಲ್ಲ. ಹಸುವಿಗೆ ಮಾಡಿದಂಗೆ ಒಂದು ದಿನ ಕಾಯೋಣ್ವಾ?

ತಾಯಿ ಸಾಯಬಹುದಾದ ತಪ್ಪು ಇದು. ಹಸು ಒಂದು ದಿನ ಕಸ ಇಟ್ಟುಕೊಂಡರೂ ಬದುಕಿಕೊಳ್ಳುತ್ತದೆ, ಕುದುರೆಗೆ ಗಡುವು ಮೂರು ಗಂಟೆ. ದಾಟಿದರೆ ಗರ್ಭಕೋಶಕ್ಕೆ ಸೋಂಕು, ರಕ್ತಕ್ಕೆ ನಂಜು, ಅಲ್ಲಿಂದ ಗೊರಸಿನ ಒಳಪದರ ಸಡಿಲವಾಗಿ ಕುದುರೆ ನಿಲ್ಲಲಾರದ ಸ್ಥಿತಿ. ಎಳೆಯಬೇಡಿ, ಕಲ್ಲು ಕಟ್ಟಬೇಡಿ. ತುಳಿಯದಂತೆ ಹಿಂಗಾಲ ಕೀಲಿನ ಮೇಲಕ್ಕೆ ಮಡಚಿ ದಾರದಿಂದ ಕಟ್ಟಿ, ವೈದ್ಯರನ್ನು ಕರೆಯಿರಿ. ಗರ್ಭಕೋಶ ಕುಗ್ಗಿಸಿ ಕಸ ಬೀಳಿಸುವ ಆಕ್ಸಿಟೋಸಿನ್ ಎಷ್ಟು, ಯಾವಾಗ ಎಂಬುದು ಅವರ ಲೆಕ್ಕ. ಬಿದ್ದ ಕಸವನ್ನೂ ಎಸೆಯದೆ ನೆಲದ ಮೇಲೆ ಹರಡಿ. ಪ್ಯಾಂಟಿನ ಆಕಾರ ಬರುತ್ತದೆ, ಎರಡು ಕಾಲಿನ ತುದಿಯೂ ಮುಚ್ಚಿರಬೇಕು. ಒಂದು ತುದಿ ಹರಿದು ಕಾಣೆಯಾಗಿದ್ದರೆ ಆ ಚೂರು ಒಳಗೇ ಇದೆ.

## ಮರಿ ಎದ್ದ ಮೇಲೆ

ಗಿಣ್ಣುಹಾಲು ಎಷ್ಟು ಹೊತ್ತಿನೊಳಗೆ ಕುಡಿಯಬೇಕು? ಸಾಕಷ್ಟು ಕುಡೀತು ಅಂತ ಹೇಗೆ ಗೊತ್ತಾಗುತ್ತೆ?

ಒಂದು ಗಂಟೆಗೆ ನಿಲ್ಲಬೇಕು, ಎರಡಕ್ಕೆ ಕುಡಿಯಬೇಕು. ನಿಲ್ಲುವುದು ಎರಡು ಗಂಟೆ, ಕುಡಿಯುವುದು ಮೂರು ಗಂಟೆ ದಾಟಿದರೆ ಫೋನ್. ಮರಿ ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಮ್ಮಿ. ಗಿಣ್ಣುಹಾಲಿನಿಂದಲೇ ಬರಬೇಕು, ಅದನ್ನು ಹೀರುವ ಕರುಳಿನ ಬಾಗಿಲು 18ರಿಂದ 24 ಗಂಟೆಗೆ ಮುಚ್ಚುತ್ತದೆ. ಮೊದಲ ಆರು ಗಂಟೆಯಲ್ಲಿ ಒಂದರಿಂದ ಎರಡು ಲೀಟರ್ ಹೊಟ್ಟೆ ಸೇರಬೇಕು. ಮೊದಲೇ ಹಾಲು ಸೋರಿಸಿಕೊಂಡ ತಾಯಿಯ ಹಾಲಿನಲ್ಲಿ ಗಿಣ್ಣು ಉಳಿದಿರುವುದಿಲ್ಲ. ರಸದ ಸಿಹಿ ಅಳೆಯುವ ಬ್ರಿಕ್ಸ್ ಮಾಪಕ ದ್ರಾಕ್ಷಿ ಬೆಳೆಗಾರರ ಹತ್ತಿರ ಇರುತ್ತದೆ, ದೊಡ್ಡಬಳ್ಳಾಪುರದ ಕಡೆಯವರಿಗೆ ಹುಡುಕುವುದು ಕಷ್ಟವಲ್ಲ. ಒಂದು ಹನಿ ಗಿಣ್ಣಿಗೆ 23 ಅಥವಾ ಹೆಚ್ಚು ತೋರಿಸಿದರೆ ಒಳ್ಳೆಯ ಗಿಣ್ಣು.

ಖಾತ್ರಿ ಬೇಕಾದರೆ 18ರಿಂದ 24 ಗಂಟೆಗೆ ಮರಿಯ ರಕ್ತದ ಐಜಿಜಿ (ಪ್ರತಿಕಾಯದ ಪ್ರಮಾಣ) ಪರೀಕ್ಷೆ. ಡೆಸಿಲೀಟರಿಗೆ 800 ಮಿಲಿಗ್ರಾಂ ಮೇಲಿದ್ದರೆ ಸರಿ, 400ರ ಕೆಳಗಿದ್ದರೆ ರಕ್ಷಣೆ ಸಿಕ್ಕಿಲ್ಲ, ಪ್ಲಾಸ್ಮಾ ಏರಿಸಬೇಕಾಗುತ್ತದೆ. ಮೊದಲ ದಿನವೇ ಕಪ್ಪು ಅಂಟು ಲದ್ದಿ ಹೊರಬರಬೇಕು. ಬಾಲ ಎತ್ತಿ ಮುಕ್ಕುತ್ತಿದ್ದು ಏನೂ ಬರದಿದ್ದರೆ ಎನಿಮಾ ಬೇಕು.

ತಂದೆ ಯಾವ ಕುದುರೆಯೋ ಗೊತ್ತಿಲ್ಲ. ಇದರಿಂದ ಮರಿಗೆ ಅಪಾಯ ಇದೆಯಾ?

ಒಂದು ಅಪಾಯ ಇದೆ, ಅಪರೂಪದ್ದು. ತಂದೆಯಿಂದ ಬಂದ ಮರಿಯ ರಕ್ತದ ಗುಂಪಿಗೆ ವಿರುದ್ಧವಾದ ಪ್ರತಿಕಾಯ ತಾಯಿಯಲ್ಲಿದ್ದರೆ, ಗಿಣ್ಣು ಕುಡಿದ ಮರಿಯ ಕೆಂಪುಕಣಗಳು ಒಡೆಯುತ್ತವೆ. ಹುಟ್ಟುವಾಗ ಗಟ್ಟಿಮುಟ್ಟಾಗಿದ್ದ ಮರಿ ಒಂದೆರಡು ದಿನದಲ್ಲಿ ಸೋತು, ಒಸಡು ಕಣ್ಣು ಹಳದಿಯಾಗುತ್ತದೆ. ಚೊಚ್ಚಲಿಗೆ ಇದು ವಿರಳ; ಹಲವು ಮರಿ ಹಾಕಿದ ತಾಯಿಗೆ, ಅದರಲ್ಲೂ ತಂದೆ ಕತ್ತೆಯಾಗಿ ಹುಟ್ಟುವ ಹೇಸರಗತ್ತೆ ಮರಿಗೆ ಹೆಚ್ಚು. ಹಿಂದಿನ ಮರಿ ಹೀಗೆ ಸತ್ತಿದೆ ಎಂದು ಮಾರಿದವರು ಹೇಳಿದ್ದರೆ, ಕುಡಿಯುವ ಮೊದಲೇ ವೈದ್ಯರು ಗಿಣ್ಣಿನ ಜೊತೆ ಮರಿಯ ರಕ್ತ ಬೆರೆಸಿ ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. ಕಟ್ಟಿದರೆ ಮರಿಗೆ ಒಂದೆರಡು ದಿನ ಬಾಯಿಬುಟ್ಟಿ, ಬೇರೆ ಕುದುರೆಯ ಗಿಣ್ಣು.

ತಾಯಿಗೆ ಹಾಲಿಲ್ಲ, ಇಲ್ಲವೇ ಹತ್ತಿರ ಬಿಡ್ತಿಲ್ಲ. ಡೈರಿ ಹಾಲು ಕುಡಿಸಬಹುದಾ?

ಚೊಚ್ಚಲಿನ ತಾಯಿಗೆ ಕೆಚ್ಚಲು ನೋವಿರುತ್ತದೆ. ಒಬ್ಬರು ತಲೆ ಹಿಡಿದು, ಒಬ್ಬರು ಮರಿಯನ್ನು ಹಚ್ಚಿದರೆ ನಾಲ್ಕಾರು ಸಲಕ್ಕೆ ಒಪ್ಪಿಕೊಳ್ಳುತ್ತದೆ. ಹಾಲೇ ಇಲ್ಲದಿದ್ದರೆ ಆಡಿನ ಹಾಲು ಹಾಗೆಯೇ ಆಗುತ್ತದೆ. ಹಸುವಿನದಾದರೆ ಕೊಬ್ಬು ಕಮ್ಮಿಯ ಹಾಲಿನ ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್ ಬೆರೆಸಿ. ಸಕ್ಕರೆ, ಬೆಲ್ಲ ಹಾಕಬಾರದು, ಎಳೆ ಮರಿಗೆ ಅದು ಅರಗದೆ ಭೇದಿಯಾಗುತ್ತದೆ. ಮೊದಲ ದಿನಗಳಲ್ಲಿ ಒಂದೆರಡು ಗಂಟೆಗೊಮ್ಮೆ, ರಾತ್ರಿಯೂ, ಮರಿ ನಿಂತಿರುವಾಗ ತಲೆ ಮೇಲೆತ್ತದೆ ಕುಡಿಸಿ. ಗಿಣ್ಣಿಗೆ ಇದು ಬದಲಿಯಲ್ಲ.

ಒಂದು ವಾರಕ್ಕೆ ಮರಿಗೆ ಭೇದಿ ಶುರುವಾಗಿದೆ. ತಾಯಿ ಬೆದೆಗೆ ಬಂದಿದ್ದಕ್ಕೆ ಅಂತಾರೆ, ಹೌದಾ?

ತಾಯಿ ಮರಿ ಹಾಕಿದ 5ರಿಂದ 12 ದಿನದಲ್ಲಿ ಬೆದೆಗೆ ಬರುವುದೂ, ಅದೇ ವಾರದಲ್ಲಿ ಮರಿಗೆ ತೆಳು ಭೇದಿಯಾಗುವುದೂ ನಿಜ. ಆದರೆ ಕಾರಣ ಬೆದೆಯಲ್ಲ, ಮರಿಯ ಕರುಳು ಹೊಸ ಆಹಾರಕ್ಕೆ ಒಗ್ಗುವುದು. ಮರಿ ಚುರುಕಾಗಿ ಕುಡಿಯುತ್ತ, ಜ್ವರವಿಲ್ಲದೆ (102 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಸಹಜ) ಓಡಾಡಿಕೊಂಡಿದ್ದರೆ ಹಿಂಭಾಗ ತೊಳೆದು ಕೂದಲು ಉದುರದಂತೆ ವ್ಯಾಸಲೀನ್ ಹಚ್ಚಿ, ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ತಾಯಿಯ ಕೆಚ್ಚಲು ಬಿಗಿದು ಹಾಲು ಸೋರುತ್ತಿದೆ ಅಂದರೆ ಮರಿ ಕುಡಿಯುವುದು ಬಿಟ್ಟಿದೆ ಎಂದರ್ಥ. ಆಗ ಸಂಜೆವರೆಗೂ ಕಾಯಬೇಡಿ. ಎಳೆ ಮರಿ ಬೆಳಿಗ್ಗೆ ಸಪ್ಪಗಿದ್ದರೆ ಸಂಜೆಗೆ ನೆಲ ಹಿಡಿಯುತ್ತದೆ. ಆ ಬೆದೆಯಲ್ಲೇ ಮತ್ತೆ ಗಂಡಿಗೆ ಬಿಡುವ ಆತುರವೂ ಬೇಡ. ಪಕ್ಕದ ತೋಟದಲ್ಲಿ ಗಂಡು ಕುದುರೆ ಇದ್ದರೆ ಬೇಲಿ ಒಮ್ಮೆ ನೋಡಿಕೊಳ್ಳಿ.